ಪೀಲು

"ಕರು ಸತ್ತೋಯ್ತು ಕಣ್ಲಾ, ಬಾಳ ಪೀಲಾಗೋಯ್ತು" ಎಂದು ನಾಗಭೂಷಣ ಮೂಗಿನಲ್ಲಿ ರಾಗ ಎಳೆದು, ಹೆಗಲ ಮೇಲಿಲ್ಲದ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಬಂಗಾರಪೇಟೆಯಿಂದ ಊರಿಗಾಂ ಕಾಲೇಜಿಗೆ ಹೊರಟಿದ್ದ ಹುಡುಗರು ರೈಲಿನ ಸೀಟಿನ ಮೇಲೆ ಬಿದ್ದು ಬಿದ್ದು ನಕ್ಕರು.

"ಯಾರೋ ಅದು?" ಎಂದ ಪೆರುಮಾಳ್.

"ನಮ್ಮೂರಿನ ಹಾಲಿನ ಮುದುಕ. ಅವನಿಗೆ ಫೀಲ್ ಅಂದ್ರೆ ದುಃಖ ಒಂದೇ. ಅದೂ ಅವನ ಬಾಯಲ್ಲಿ ಪೀಲ್. ಪೀಲ್ ಅಂದ್ರೆ ಸಿಪ್ಪೆ ಸುಲಿಯೋದು ಕಣ್ರೋ. ಕರು ಸತ್ತಿದ್ದಕ್ಕೆ ಬಾಳೆಹಣ್ಣು ಸುಲಿದನಂತೆ."

ನಗುತ್ತಲೇ ತಿರುಗಿದ ನಾಗಭೂಷಣ ಬಾಗಿಲ ಬಳಿ ತನ್ನಪ್ಪನನ್ನು ಕಂಡ. ದಿನಾ ಸೈಕಲ್ಲಿನಲ್ಲಿ ಹಾಲು ಒಯ್ಯುವ ಮುನಿಸ್ವಾಮಪ್ಪ ಇವತ್ತು ಕ್ಯಾನು ಹಿಡಿದು ರೈಲು ಹತ್ತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

ಪೆರುಮಾಳ್ ಕ್ಯಾನು ನೋಡಿ ಕಣ್ಣು ಮಿಟುಕಿಸಿದ. "ಏನ್ ಯಜಮಾನ್ರೇ, ನೀವೂ ಹಾಲಿನವ್ರಾ? ಇವ್ನು ಹಂಗಂದಿದ್ದಕ್ಕೆ ಫೀಲ್ ಆದ್ರಾ?"

"ಯಾಕಪ್ಪ ಆಗ್ಲಿ? ಬಲು ಸಂದಾಕ್ ಮಾಡ್ದ," ಎಂದ ಮುನಿಸ್ವಾಮಪ್ಪ, ಮಗನ ಮುಖ ನೋಡದೆ. "ನನ್ ಮಗನೂ ಇಂಗೇ, ಎಲ್ರಂಗೂ ಮಾತಾಡ್ತಾನೆ. ಕಾಲೇಜ್ನಾಗೆ ಇಂಗ್ಲಿಷ್ ಓದ್ತಾವ್ನೆ." ಅಷ್ಟು ಹೇಳಿ ಕ್ಯಾನು ಎತ್ತಿಕೊಂಡು, ಹುಡುಗರಿಗೆ ಬೆನ್ನು ಮಾಡಿ ಆಚೆ ಬಾಗಿಲಿಗೆ ಸರಿದು ನಿಂತ.

ನಾಗಭೂಷಣನ ಕಿವಿ ಕಾದ ಕಬ್ಬಿಣವಾಯಿತು. ಇಡೀ ಊರಿನ ದನಿಗಳನ್ನು ಗಂಟಲಲ್ಲಿ ಇಟ್ಟುಕೊಂಡಿದ್ದವನಿಗೆ ತನ್ನದೊಂದು ದನಿ ಸಿಗುವಷ್ಟರಲ್ಲಿ ಕೋರಮಂಡಲ್ ಸ್ಟೇಷನ್ ದಾಟಿಹೋಯಿತು. ಅವನು ಎದ್ದು ನಿಂತ.

"ಅಪ್ಪಾ," ಎಂದ, ಬೋಗಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಬಾ, ಇಲ್ಲಿ ಕೂತ್ಕೋ."