ಏರಿ ಬರುವವರಿಗೆ ದಾರಿ

ಲಯನೆಲ್ ಒಂಬತ್ತು ವರ್ಷದಿಂದ ಕಾಯುತ್ತಿದ್ದ ಹಿಮ ಬಿದ್ದದ್ದು ಫೆಬ್ರವರಿಯ ಒಂದು ಮಂಗಳವಾರ ಬೆಳಗ್ಗೆ, ಪಕ್ಕದ ಮನೆಯ ಡೆನ್ಜಿಲ್‌ನ ಸೊಂಟದ ಆಪರೇಷನ್ ಇದ್ದ ದಿನವೇ. ಪರದೆ ಸರಿಸಿದರೆ ಅಂಗಳದ ತಾಳೆಮರದ ಗರಿಗಳ ಮೇಲೆ ನಾಲ್ಕು ಬೆರಳು ದಪ್ಪ ಬೆಳ್ಳಗೆ ಕೂತಿತ್ತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಊರುಗೋಲು ಊರಿಕೊಂಡು, ಕೈಚೀಲ ಹಿಡಿದು ಡೆನ್ಜಿಲ್ ಗೇಟಿನ ಬಳಿ ಬಂದು ನಿಂತ. ಲಯನೆಲ್ ತನ್ನ ಖುಷಿಯನ್ನು ಮಫ್ಲರಿನೊಳಗೆ ಮುಚ್ಚಿಕೊಂಡ.

"ಟ್ಯಾಕ್ಸಿಯವನು ಬರಲ್ಲ ಅಂದ," ಎಂದ ಡೆನ್ಜಿಲ್. "ಹತ್ತೂವರೆಗೆ ಆಸ್ಪತ್ರೇಲಿರಬೇಕು. ಹದಿನಾಲ್ಕು ತಿಂಗಳು ಕಾದಿದೀನಿ. ಇವತ್ತು ನಾನು ಹೋಗ್ಲಿಲ್ಲ ಅಂದ್ರೆ ಮತ್ತೆ ಸಾಲಿನ ಕೊನೆಗೆ."

"ನನ್ನ ಟೈರಿನ ಬಗ್ಗೆ ನೀನು ಏನೋ ಹೇಳ್ತಿದ್ದೆಯಲ್ಲ."

"ಹೇಳಿದ್ದನ್ನೆಲ್ಲ ವಾಪಸ್ ತಗೊಂಡಿದೀನಿ. ಬಾಗಿಲು ತೆಗಿ."

ವಾಪಸ್ ತಗೊಳ್ಳಲು ಬೇಕಾದಷ್ಟಿತ್ತು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಿಂದ ನಿವೃತ್ತನಾದ ಲಯನೆಲ್ ಪ್ರತಿ ನವೆಂಬರಿನಲ್ಲೂ ಕಾರಿಗೆ ಚಳಿಗಾಲದ ಟೈರು ಹಾಕುವಾಗ ಡೆನ್ಜಿಲ್ ಬೇಲಿಗೆ ಒರಗಿ ನೋಡುತ್ತಿದ್ದ. ಇಂಗ್ಲೆಂಡಿನ ತುದಿಯ, ಹಿಮವೇ ಅಪರೂಪವಾದ ಕಾರ್ನ್‌ವಾಲ್‌ನಲ್ಲಿ ಚಳಿಗಾಲದ ಟೈರು ಹಾಕುವುದೆಂದರೆ ಕೊಡೆ ಹಿಡಿದುಕೊಂಡು ಸ್ನಾನ ಮಾಡಿದ ಹಾಗೆ ಎನ್ನುತ್ತಿದ್ದ. ಏಳು ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಡಿಮೆಯಾಗುತ್ತದೆ ಎಂದು ಲಯನೆಲ್ ವಿವರಿಸುತ್ತಿದ್ದ. ಅವನು ದಿನಾ ಬೆಳಗ್ಗೆ ಉಷ್ಣತೆ ಬರೆದಿಡುತ್ತಿದ್ದ ಪುಸ್ತಕದ ಪ್ರಕಾರ ಊರಿನ ಚಳಿಗಾಲದ ಸರಾಸರಿ ಎಂಟೂವರೆ ಡಿಗ್ರಿ. ಅದನ್ನು ಡೆನ್ಜಿಲ್ ಎತ್ತಿ ತೋರಿಸಿದರೆ, ಸರಾಸರಿಯ ಮೇಲೆ ಯಾರೂ ಗಾಡಿ ಓಡಿಸುವುದಿಲ್ಲ ಎನ್ನುತ್ತಿದ್ದ ಲಯನೆಲ್.

ಮನೆಯಿಂದ ದೊಡ್ಡ ರಸ್ತೆಗೆ ಅರ್ಧ ಮೈಲಿ ಇಳಿಜಾರು. ಒಂದೇ ಕಾರು ಹಿಡಿಸುವ ಓಣಿ, ಎರಡೂ ಕಡೆ ಎದೆಯೆತ್ತರದ ಕಲ್ಲುಮಣ್ಣಿನ ಬೇಲಿ, ಮೇಲ್ಗಡೆ ಪಕ್ಕಕ್ಕೆ ಸರಿದು ನಿಲ್ಲಲು ಒಂದೇ ಒಂದು ಜಾಗ. ಕಾರು ಎಲ್ಲೂ ಜಾರಲಿಲ್ಲ. ಅರ್ಧ ದಾರಿಯಲ್ಲಿ ಲಯನೆಲ್ ಬೇಕೆಂದೇ ಒಮ್ಮೆ ಬ್ರೇಕ್ ಒತ್ತಿದ. ಕಾರು ಅಂಟಿಕೊಂಡಂತೆ ನಿಂತಿತು.

"ಕಂಡೆಯಾ?"

"ಕಂಡೆ. ನನ್ನ ಸೊಂಟಕ್ಕೂ ಗೊತ್ತಾಯ್ತು. ನಡಿ."

ಆಗ ಕೆಳಗಿನ ತಿರುವಿನಿಂದ ಒಂದು ಕೆಂಪು ಕಾರು ಮೂಗು ತೂರಿಸಿತು. ಶಾಲೆಯಲ್ಲಿ ಅಡುಗೆ ಮಾಡುವ ಮೋರ್ವೆನ್ನಾಳದು. ಶಾಲೆಗೆ ಇವತ್ತು ರಜೆಯೆಂದು ಗೊತ್ತಾಗಿ ಮನೆಗೆ ವಾಪಸಾಗುತ್ತಿದ್ದಳು. ಲಯನೆಲ್‌ನ ಕೈ ತಾನಾಗಿಯೇ ಗೇರಿಗೆ ಹೋಯಿತು. ಏರಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು. ಆ ಓಣಿಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ಅವನು ಹಿಮದ ಏರಿನಲ್ಲಿ ನೂರು ಗಜ ಹಿಂದೆ ಹಿಂದೆ ಹೋಗಿ, ಪಕ್ಕದ ಜಾಗದಲ್ಲಿ ಅಚ್ಚುಕಟ್ಟಾಗಿ ನಿಂತ. ಮೋರ್ವೆನ್ನಾ ಲೈಟು ಮಿಣುಕಿಸಿ ಥ್ಯಾಂಕ್ಸ್ ಹೇಳಿದಳು. ಇವನು ಕೈಯೆತ್ತಿದ.

ಕೆಂಪು ಕಾರಿನ ಚಕ್ರಗಳು ಗಿರಗಿರನೆ ತಿರುಗಿದವು. ಕಾರು ಇದ್ದಲ್ಲೇ ಇತ್ತು.

"ಅವಳು ಬರಲ್ಲ ಮಾರಾಯ," ಎಂದ ಡೆನ್ಜಿಲ್.

"ಲೈಟು ಹಾಕಿದಳಲ್ಲ. ಈಗ ನಾವು ಇಳಿದ್ರೆ ಚೆನ್ನಾಗಿರಲ್ಲ."

"ನಿನ್ನ ಕಾರಿಗಿರೋ ಟೈರು ಅವಳ ಕಾರಿಗಿಲ್ಲ ಕಣೋ."

ಲಯನೆಲ್ ಅವಳ ಚಕ್ರಗಳತ್ತ ಬಗ್ಗಿ ನೋಡಿದ. ಒಂಬತ್ತು ವರ್ಷ ರಬ್ಬರು, ಉಷ್ಣತೆ, ಇಳಿಜಾರಿನ ಕೋನ ಎಲ್ಲವನ್ನೂ ಲೆಕ್ಕ ಹಾಕಿದ್ದ. ಬೇರೆಯವರ ಟೈರು ಲೆಕ್ಕಕ್ಕೇ ಬಂದಿರಲಿಲ್ಲ. ಅವನು ನೋಡುತ್ತಿದ್ದ ಹಾಗೇ ಕೆಂಪು ಕಾರು ಯಾವ ಅವಸರವೂ ಇಲ್ಲದೆ ಹಿಂದಕ್ಕೆ ಜಾರಿತು, ಕಾಲು ಸುತ್ತು ತಿರುಗಿತು, ಮೂಗನ್ನು ಒಂದು ಬೇಲಿಗೂ ಬಾಲವನ್ನು ಇನ್ನೊಂದು ಬೇಲಿಗೂ ಆನಿಸಿ, ಓಣಿಗೆ ಅಗುಳಿ ಹಾಕಿದಂತೆ ಅಡ್ಡ ನಿಂತಿತು. ಮೋರ್ವೆನ್ನಾ ಗಾಜು ಇಳಿಸಿ, ಏನೂ ಆಗಿಲ್ಲ, ಸಾರಿ ಎಂದು ಕೈಸನ್ನೆ ಮಾಡಿದಳು. ಲಯನೆಲ್ ಮತ್ತೆ ಕೈಯೆತ್ತಿದ.

"ಮೊದಲೇ ನುಗ್ಗಿದ್ರೆ ಅವಳೇ ಕೆಳಗೆ ದೊಡ್ಡ ರಸ್ತೆಗೆ ಸರಿದು ದಾರಿ ಬಿಡ್ತಿದ್ಳು," ಎಂದ ಡೆನ್ಜಿಲ್. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಲಯನೆಲ್‌ನನ್ನು ಹೆಚ್ಚು ಚುಚ್ಚಿತು. "ಹದಿನಾಲ್ಕು ತಿಂಗಳು. ಮೆಟ್ಟಿಲು ಹತ್ತೋಕಾಗಲ್ಲ ಅಂತ ಕೆಳಗೆ ಸೋಫಾ ಮೇಲೆ ಮಲಗ್ತಿದೀನಿ."

"ನಾನು ಗುದ್ದಲಿ ತರ್ತೀನಿ. ತಳ್ಳೋಣ."

"ನಾವಾ? ನನ್ನ ಸೊಂಟ, ನಿನ್ನ ಬೆನ್ನು."

ಅಷ್ಟರಲ್ಲಿ ಡೆನ್ಜಿಲ್‌ನ ಕೋಟಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಅವನ ಮುಖ ಬಿಳಿಚಿತು. ಆಸ್ಪತ್ರೆ. ಅವನು ಬಟನ್ ಒತ್ತಿ, ಇಬ್ಬರಿಗೂ ಕೇಳುವಂತೆ ಹಿಡಿದ.

"ಇನ್ನೂ ಮನೆ ಬಿಟ್ಟಿಲ್ಲ ತಾನೇ ನೀವು?" ಎಂದಿತು ನರ್ಸಿನ ದನಿ.

ಡೆನ್ಜಿಲ್ ಒಮ್ಮೆ ಅಡ್ಡ ನಿಂತ ಕೆಂಪು ಕಾರನ್ನು ನೋಡಿದ. "ಆಗ್ಲೇ ಹೊರಟು ದಾರೀಲಿದೀವಿ, ಸಿಸ್ಟರ್," ಎಂದ.

"ಅಯ್ಯೋ ಪಾಪ. ತಿರುಗಿ ಹೋಗಿಬಿಡಿ. ಡಾಕ್ಟ್ರ ಕಾರು ಅವರ ಮನೆ ಮುಂದಿನ ಇಳಿಜಾರಲ್ಲೇ ಜಾರಿ ಬೇಲಿಗೆ ನುಗ್ಗಿದೆ. ಅವರಿಗೇನೂ ಆಗಿಲ್ಲ, ಆದರೆ ಇವತ್ತು ಬರೋಕಾಗಲ್ಲ. ತಪ್ಪು ನಮ್ಮದು, ಅದಕ್ಕೆ ನಿಮ್ಮನ್ನ ಸಾಲಿನ ಕೊನೆಗೆ ಹಾಕಲ್ಲ. ಇದೇ ತಿಂಗಳು ಇಪ್ಪತ್ತೇಳಕ್ಕೆ ಬನ್ನಿ."

ಡೆನ್ಜಿಲ್ ಕಣ್ಣು ಮುಚ್ಚಿ ಉಸಿರು ಬಿಟ್ಟ. ಲಯನೆಲ್ ಸ್ಟೀರಿಂಗ್ ಮೇಲಿಟ್ಟಿದ್ದ ಕೈಗಳನ್ನು ಮಡಿಲಿಗೆ ಇಳಿಸಿದ. ಕೆಳಗೆ ಮೋರ್ವೆನ್ನಾ ಫ್ಲಾಸ್ಕು ಹಿಡಿದುಕೊಂಡು, ಬೇಲಿ ಹಿಡಿದು ಹಿಡಿದು ಏರಿ ಬರುತ್ತಿದ್ದಳು.

"ಇನ್ನೇನಾದ್ರೂ ಕೇಳೋದಿದೆಯಾ?" ಎಂದಳು ನರ್ಸು.

"ಒಂದೇ ಒಂದು, ಸಿಸ್ಟರ್," ಎಂದ ಡೆನ್ಜಿಲ್. "ಡಾಕ್ಟ್ರ ಕಾರಿನ ಟೈರು ಯಾವ ಸೈಜು?"