ಎಡಗಾಲು

ಅಂದು ಮುಂಜಾನೆ ಜಿಟಿಜಿಟಿ ಮಳೆ ನಿಂತು, ಲಕಮನಹಳ್ಳಿಯ ನಾಮಕರಣದ ಮನೆಯ ಕಿಟಕಿಯಿಂದ ಎಳೆಬಿಸಿಲು ತೊಟ್ಟಿಲ ಮೇಲೆ ಬಿದ್ದಿತ್ತು. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಯಂಕವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಎಂದಿನಂತೆ ತಮ್ಮನ ಜೊತೆ ದೇವರ ವಾದಕ್ಕೆ ಇಳಿದಿದ್ದಳು.

"ಗಡಿಗಿ ಇದ್ದಮ್ಯಾಲ ಕುಂಬಾರ ಇರಾಕಬೇಕಲ್ಲೋ ಶಶಿ. ಕಾಲೇಜಿನ್ಯಾಗ ಜೀವಶಾಸ್ತ್ರ ಕಲಸ್ತಿ, ಇಷ್ಟೂ ತಿಳಿಯಂಗಿಲ್ಲ?"

"ಗಡಿಗಿ ತಾನ ಬೆಳೆಯಂಗಿಲ್ಲ ಅಕ್ಕಾ, ಜೀವ ಬೆಳೀತೈತಿ," ಎಂದು ಶಶಿಕುಮಾರ ನಕ್ಕ.

"ಹಂಗಾರ ಇದನ್ನ ನೋಡು." ಯಂಕವ್ವ ಕೂಸಿನ ಬಲಗಾಲು ಎತ್ತಿ, ಬಂದ ಹೆಂಗಸರಿಗೆಲ್ಲ ತೋರಿಸಿದಳು. "ಅಕ್ಕಿಕಾಳಿನಂಥಾ ಉಗುರು, ಅಳದು ಇಟ್ಟಂಗ ಬಟ್ಟು. ಆ ಕುಂಬಾರನ ಕೈ ಎಂದಾರ ತಪ್ಪತೈತೇನು?"

ಆಗ ಬಾಣಂತಿ ಮಯೂರಿಯ ಕೈ ಮೆಲ್ಲಗೆ ಬಂದು, ಕೂಸಿನ ಎಡಗಾಲಿನ ಮೇಲೆ ಬಟ್ಟೆ ಎಳೆಯಿತು. ಒಳಕ್ಕೆ ತಿರುಚಿಕೊಂಡೇ ಹುಟ್ಟಿದ ಕಾಲು ಅದು. ಪಟ್ಟಿ ಹಾಕಿ ನೆಟ್ಟಗೆ ಮಾಡುತ್ತೇವೆಂದು ಡಾಕ್ಟರು ಹೇಳಿದಾಗ ಯಂಕವ್ವ ಅಲ್ಲೇ ಇದ್ದಳು. ಮಾತಿನ ಭರದಲ್ಲಿ ಮರೆತುಬಿಟ್ಟಿದ್ದಳು. ಅವಳು ತಮ್ಮನ ಮುಖ ನೋಡಿದಳು. ವಾದ ಗೆಲ್ಲುವ ಉತ್ತರ ಅವನ ಮಗುವಿನ ಕಾಲಲ್ಲೇ ಇತ್ತು. ಅವನು ಮಾತ್ರ ತಲೆ ತಗ್ಗಿಸಿ ತೊಟ್ಟಿಲ ಹಗ್ಗ ಸರಿಮಾಡತೊಡಗಿದ. ದೇವರ ಪರವಾಗಿ ಆಡಿದ ಮಾತಿಗೆ ಯಂಕವ್ವ ಹಿಂದೆಂದೂ ಹೀಗೆ ನಾಚಿರಲಿಲ್ಲ.

"ಹೊತ್ತಾತು, ಹೆಸರು ಹೇಳಬೇ ಯಂಕವ್ವಾ," ಎಂದಳೊಬ್ಬ ಮುದುಕಿ.

ಯಂಕವ್ವ ಬಟ್ಟೆ ಸರಿಸಿ, ಆ ಎಡಗಾಲನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಕೂಸನ್ನು ತಾಯಿಯ ಮಡಿಲಲ್ಲಿ ಇಟ್ಟು, ಮೆಲುದನಿಯಲ್ಲಿ ಹೇಳಿದಳು: "ಇದರ ಕಿವ್ಯಾಗ ಮೊದಲನೇ ಮಾತು ನಿಂದ ಆಗ್ಲಿ ಯವ್ವಾ."