ಚಾಂಪಿಯನ್ ಎದಿ

ಹಾಸ್ಟೆಲಿಗೆ ಮಗನನ್ನು ನೋಡಲು ಬಂದಿದ್ದ ಅಪ್ಪನಿಗೆ ಸೈಕ್ಲಿಂಗ್ ಕೋಚ್ ತನ್ನ ಮೊಬೈಲ್ ತೋರಿಸಿದ. ಲಾರಿಗಳ ಹೈವೇಯಲ್ಲಿ ಪ್ರಾಕ್ಟೀಸಿಗೆ ಹೋಗಿದ್ದ ಹುಡುಗನ ವೇಗವೂ, ಎದೆಗೆ ಕಟ್ಟಿದ ಪಟ್ಟಿಯಿಂದ ಬರುವ ಎದೆಬಡಿತವೂ ಅದರಲ್ಲಿ ಕಾಣುತ್ತಿದ್ದವು.

ವೇಗ ತಟ್ಟನೆ ಸೊನ್ನೆಯಾಯಿತು.

“ನಿಂತಬಿಟ್ಟ ನೋಡ್ರಿ ಮೈಗಳ್ಳ. ಗಿಡದ ನೆಳ್ಳಾಗ ಅಡ್ಡಾಗಿರ್ತಾನ.”

“ಬಡಿತ ಅರವತ್ತಕ್ಕ ಇಳೀತ್ರಿ ಸರ್.”

“ಇಳೀಬೇಕು. ಮಲಗಿದಾಗ ಎಷ್ಟ ಇಳೀತದ, ಎದಿ ಅಷ್ಟ ಗಟ್ಟಿ.”

“ಈಗ ನಲವತ್ತರಿ.”

“ಚಾಂಪಿಯನ್ ಎದಿ ಅದು. ನಾ ತಯಾರ ಮಾಡಿದ್ದು.”

ಅಪ್ಪ ಹೆಮ್ಮೆಯಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದ. “ಸೊನ್ನಿ ಆತಲ್ರಿ ಸರ್.”

“ಪಟ್ಟಿ ಬಿಚ್ಚಿ ಒಗದಾನ, ಕಳ್ಳ.”

ಅಪ್ಪನಿಗೆ ನಾಚಿಕೆಯಾಯಿತು. “ಬರ್ಲಿ ಸರ್. ಇವತ್ತ ರಾತ್ರಿ ಅವಗ ಉಣ್ಣಾಕ ಕೊಡಬ್ಯಾಡ್ರಿ.”